ಮಾಳಿಗೆಯ ಮೇಲಿನ ನಿಂಬೆವ್ವ

ಮಾದನಹಿಪ್ಪರಗಾದ ದೌಲತರಾಯರ ಹಳೇ ವಾಡೆಯ ಮಣ್ಣಿನ ಮಾಳಿಗೆಯನ್ನು ಮೂವತ್ತು ವರ್ಷ ಕಾಯ್ದವಳು ನಿಂಬೆವ್ವ. ಆದರೆ ಆ ಮನೆಯ ಹೊಸ್ತಿಲನ್ನು ಒಂದು ದಿನವೂ ದಾಟಿದವಳಲ್ಲ. ಅವಳ ಕುಲದವರು ನಿಚ್ಚಣಿಕೆ ಇಟ್ಟು ಹೊರಗೋಡೆಯಿಂದಲೇ ಹತ್ತಬೇಕು. ಮನೆಯ ನೆತ್ತಿ ತುಳಿದರೆ ಮೈಲಿಗೆಯಿಲ್ಲ, ಹೊಸ್ತಿಲು ತುಳಿದರೆ ಮೈಲಿಗೆ! ದೊಡ್ಡವರ ಮಡಿಗೆ ಬೆಂಕಿ ಬೀಳಲಿ.

ಬಿದ್ದ ಮನೆಗಳ ಹಾಳುಮಣ್ಣು ಹೊತ್ತು ತಂದು, ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಹರವಿ, ನೀರು ಚಿಮುಕಿಸಿ ಬಡಿಯುವುದು ಅವಳ ಕೆಲಸ. ಅವಳ ಕೈ ಬಿದ್ದ ಮಾಳಿಗೆ ಸೋರಿದ್ದಿಲ್ಲ. ನೆತ್ತಿ ಸುಡುವ ಬ್ಯಾಸಗಿಯಲ್ಲೂ ಕೆಳಗೆ ತಣ್ಣಗಿರುತ್ತಿತ್ತು.

ರಾಯರ ತಾಯಿ ಗೌರಾಬಾಯಿ ಅಡುಗೆಮನೆಯಲ್ಲಿ ಕೂತು ಮಾಳಿಗೆಯ ಬೆಳಕಿಂಡಿಯಿಂದಲೇ ಅವಳನ್ನು ಮಾತಿಗೆಳೆಯುವಳು. "ನಿಂಬೆವ್ವಾ, ಈ ತೊಲಿಯಿಂದ ಹುಡಿ ಉದುರಾಕತ್ತದ, ನೋಡಬೇ." ನಿಂಬೆವ್ವ ಅಲ್ಲಿನ ಮಣ್ಣು ಕೆದರಿ, ತೊಲೆ ಒಣಗಿಸಿ, ಮತ್ತೆ ಮುಚ್ಚುವಳು. ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಆ ಮುದುಕಿಯೊಬ್ಬಳೇ.

ಎಂಬತ್ತೆರಡನೇ ಇಸವಿಯಲ್ಲಿ ರಾಯರಿಗೆ ಸಿಮೆಂಟಿನ ಹುಚ್ಚು ಹಿಡಿಯಿತು. ಮಣ್ಣಿನ ಮೇಲೆಯೇ ಸಿಮೆಂಟು ಎಳೆಸುವುದು, ಧೂಳು ಬೀಳುತ್ತದೆಂದು ಬೆಳಕಿಂಡಿಯನ್ನೂ ಮುಚ್ಚಿಸುವುದು ಎಂದಾಯಿತು.

"ಬ್ಯಾಡ್ರಿ ಸಾವಕಾರ್ರ," ನಿಂಬೆವ್ವ ಅಂಗಳದಾಚೆ ನಿಂತು ಕೈಮುಗಿದಳು. "ಒಳಗಿನ ಹಸಿ ಹೊರಗ ಹೋಗಂಗಿಲ್ಲ, ತೊಲಿ ಕೊಳೀತಾವ. ಕೆಳಗ ಅವ್ವಾರು ಇರ್ತಾರ್ರಿ."

"ಕೂಲಿ ಹೋಗ್ತದಂತ ಬಾಯಿ ಬಡಕೊಳ್ಳಾಕತ್ತೀ? ನಡಿಬೇ!"

ಬಡವಿಯ ಮಾತು ಯಾರ ಕಿವಿಗೆ ಹೋದೀತು? ಬೆಳಕಿಂಡಿಯ ಜೊತೆ ಮುದುಕಿಯ ದನಿಯೂ ಮುಚ್ಚಿತು. ಆಮೇಲೆ ಹುಡಿ ಉದುರಿದ್ದನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಎರಡು ಬ್ಯಾಸಗಿ ವಾಡೆ ಹಂಚಿನಂತೆ ಕಾದಿತು. ಸಿಮೆಂಟು ಬಿರಿಯಿತು. ಮೂರನೆಯ ಮಳೆಗಾಲದಲ್ಲಿ ನೀರು ಬಿರುಕಿನೊಳಗಿಳಿಯಿತು, ಕೊಳೆತ ತೊಲೆ ತಡೆಯಲಿಲ್ಲ. ಹಾಡಹಗಲೇ ಅಡುಗೆಮನೆ ಗೌರಾಬಾಯಿಯ ಮೇಲೆ ಕುಸಿಯಿತು.

ಗದ್ದಲ ಕೇಳಿ ನಿಂಬೆವ್ವ ಓಡಿಬಂದಳು. ಇನ್ನೊಂದು ತೊಲೆ ಜೋತಾಡುತ್ತಿತ್ತು. ಗಂಡಸರೆಲ್ಲ ಬಾಗಿಲಲ್ಲೇ ನಿಂತು ಕೂಗಾಡುತ್ತಿದ್ದರು, ಒಬ್ಬನೂ ಒಳಗೆ ಕಾಲಿಡಲಿಲ್ಲ. ಅವಳು ಅವರನ್ನು ತಳ್ಳಿ ಹೊಸ್ತಿಲು ದಾಟಿದಳು. ಆಗ ಯಾರಿಗೂ ಮೈಲಿಗೆ ನೆನಪಾಗಲಿಲ್ಲ.

ತಾನೇ ಬಡಿದು ಕೂಡಿಸಿದ ಮಣ್ಣನ್ನು ಉಗುರು ಕಿತ್ತುಹೋಗುವಂತೆ ಕೆದರಿದಳು. ಮುದುಕಿಯ ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಮೂವತ್ತು ವರ್ಷ ಮೇಲಿನಿಂದ ನೋಡಿದ್ದ ಮುಖವನ್ನು ಮೊದಲ ಸಲ ತೊಡೆಯ ಮೇಲಿಟ್ಟುಕೊಂಡು "ಯವ್ವಾ, ಎದ್ದು ಮಾತಾಡಬೇ" ಎಂದು ಗೋಳಾಡಿದಳು. ಕೊನೆಗೆ ತಾನೇ ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದಳು.

ದೌಲತರಾಯರು ಕಣ್ಣೊರೆಸಿಕೊಂಡು ಬಂದವರು ಅವಳ ಮುಖ ನೋಡಲಿಲ್ಲ.

"ನೀ ಹಿತ್ತಲ ಬಾಗಿಲಿಂದ ಹೋಗಬೇ. ಮುಂದ ಬೀಗರು ನಿಂತಾರ."

ನಿಂಬೆವ್ವ ಬಿದ್ದ ಮಣ್ಣಿನ ಮೇಲೆ ನಡೆದು ಹಿತ್ತಲಿಗೆ ಹೋದಳು.