ಶ್ಯಾನನ್ ನದಿಗೆ ಬಿಟ್ಟ ಕೂದಲು

ಕೋವಿಡ್ ಕಾಲದಲ್ಲಿ ಪರದೇಶದ ಅತ್ಲೋನ್ ಊರಿನಲ್ಲಿ ನನ್ನ ಪಕ್ಕದ ಮನೆಯವಳು ಥಾಯ್ಲೆಂಡಿನ ನೊಯ್. ಊರಿಗೆ ಹೋಗಲಾಗದೆ, ನೀರಿಗೆ ದೀಪ ತೇಲಿಬಿಡುವ ತಮ್ಮ ಹಬ್ಬವನ್ನು ಶ್ಯಾನನ್ ನದಿಯಲ್ಲೇ ಮಾಡಿದಳು. ಬಾಳೆದಿಂಡು ಸಿಗದೆ, ದಪ್ಪ ಬ್ರೆಡ್ಡಿನ ಮೇಲೆ ಹೂವು, ಮೇಣದಬತ್ತಿ. ಅದು ಉರಿಯುತ್ತಲೇ ಕಣ್ಮರೆಯಾದರೆ ಬರುವ ವರ್ಷ ಅಮ್ಮನನ್ನು ನೋಡುತ್ತೇನೆಂದು ಅವಳ ನಂಬಿಕೆ.

"ನೀನೂ ಸ್ವಲ್ಪ ಕೂದಲು ಇಡು, ಕೆಟ್ಟದ್ದೆಲ್ಲ ಹೋಗುತ್ತೆ," ಎಂದು ಕತ್ತರಿ ಕೊಟ್ಟಳು.

ದೀಪದ ಹತ್ತಿರ ಕೂದಲು ಕಂಡರೆ ನಮ್ಮಜ್ಜಿ ಮನೆಯನ್ನೇ ತೊಳೆಸುತ್ತಿದ್ದರು. ಆದರೆ ಕ್ಷೌರದಂಗಡಿಗಳು ಮುಚ್ಚಿ ಬಹಳ ದಿನವಾಗಿತ್ತು. ಧಾರಾಳವಾಗಿ ಕತ್ತರಿಸಿಟ್ಟೆ. ನೀರಿಗಿಳಿಸಿದ್ದೇ ಬ್ರೆಡ್ಡು ವಾಲಿತು.

"ಇಷ್ಟೊಂದು ಪಾಪ ಮಾಡಿದ್ದೀಯಾ? ತೆಗಿ, ತೆಗಿ! ನಮ್ಮಮ್ಮ ಕಾಯ್ತಿದ್ದಾಳೆ!"

ಅರ್ಧ ತೆಗೆದು ಜೇಬಿಗೆ ಹಾಕಿಕೊಂಡೆ. ದೀಪ ನೆಟ್ಟಗಾಗಿ, ಉರಿಯುತ್ತಲೇ ಸೇತುವೆ ದಾಟಿ ಮರೆಯಾಯಿತು. ನೊಯ್ ಅಳುತ್ತಲೇ ನಕ್ಕಳು.

ಅಂಥ ಹಬ್ಬ ನನಗೆ ಮತ್ತೆ ಸಿಕ್ಕಿಲ್ಲ. ಜೇಬಿನಲ್ಲುಳಿದ ಪಾಪವನ್ನು ಯಾವ ಬಣ್ಣದ ಕಸದ ಬಿನ್ನಿಗೆ ಹಾಕಬೇಕೆಂದೂ ಯಾರೂ ಹೇಳಿಲ್ಲ.