ಗಿಡಕ್ಕೆ ಸಿಮೆಂಟು ಹಾಕಿದ ಸರ್ಜನ್

ಕಾಲೇಜಿನ ಆಫೀಸಿಗೆ ಫೋನ್ ಬಂದಿತ್ತು. ಜವಾನ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, ಇಡೀ ಬಿ.ಎ. ತರಗತಿಗೆ ಕೇಳುವ ಹಾಗೆ ಹೇಳಿದ: "ಮೇಡಂ, ನಿಮ್ಮ ಯಜಮಾನ್ರು ಗಿಡದಾಗ ಅದಾರಂತ್ರಿ. ಇಳ್ಯಾಕ ಬರವಲ್ದಂತ."

ಹುಡುಗರು ನಕ್ಕರು. ಅವರ ತಪ್ಪೇನಿದೆ? ಸಾಮ್ರಾಜ್ಯಗಳು ಏರಿ ಹೇಗೆ ಇಳಿದವು ಎಂದು ಅದೇ ಆಗ ನಾನು ವಿವರಿಸುತ್ತಿದ್ದೆ.

ರಿಕ್ಷಾ ಹಿಡಿದು ಬಂದು ನೋಡಿದರೆ ಮಾತು ನಿಜ. ಹಿತ್ತಲ ಬೇವಿನ ಗಿಡದ ಕವಲಿನಲ್ಲಿ ನಮ್ಮವರು ಕೂತಿದ್ದಾರೆ. ಸೊಂಟಕ್ಕೆ ಬಾವಿಯ ಹಗ್ಗ, ತಲೆಗೆ ಮಗನ ಸ್ಕೂಟರಿನ ಹೆಲ್ಮೆಟ್ಟು. ಏಣಿ ನೆಲದಲ್ಲಿ ಮಲಗಿದೆ.

"ಏನ್ ಮಾಡಾಕತ್ತೀರಿ ಅಲ್ಲಿ?" ಎಂದೆ.

"ಪ್ರ್ಯಾಕ್ಟೀಸ್," ಎಂದರು ಗಂಭೀರವಾಗಿ.

ಅವರನ್ನು ಇಳಿಸಿದ್ದು ಪಕ್ಕದ ಮನೆಯ ಲೈನ್‌ಮನ್ ಎಂದು ನನ್ನ ನೆನಪು. ತಾವೇ ಇಳಿದದ್ದೆಂದು ಅವರ ವಾದ. ದಿನಾ ಡೈರಿ ಬರೆಯುವವಳು ನಾನು, ತೆಗೆದು ನೋಡಿದರೆ ಅಂದು "ಬೇವಿನ ಎಲೆ ಬಹಳ ಉದುರಿವೆ, ಗುಡಿಸಿ ಗುಡಿಸಿ ಸಾಕಾಯಿತು" ಎಂದಷ್ಟೇ ಇದೆ. ಇತಿಹಾಸದ ಎಂ.ಎ. ಮಾಡಿ, ದಾಖಲೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಪಾಠ ಹೇಳುವವಳ ದಾಖಲೆ ಇದು! ಆದ್ದರಿಂದ ಮುಂದೆ ಹೇಳುವುದನ್ನು ನೀವು ಮುಕ್ಕಾಲು ಪಾಲು ನಂಬಿದರೆ ಸಾಕು.

ನಮ್ಮವರು ರಸ್ತೆ, ಸೇತುವೆ ಕಟ್ಟಿಸುವ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದು ಈಚೆಗೆ ನಿವೃತ್ತರಾದರು. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. (ಇನ್ನು ಟೈಮಿಗೆ ಎಲ್ಲಿಗೂ ಹೋಗಬೇಕಿಲ್ಲದವರಿಗೆ ಗಡಿಯಾರ ಯಾಕೆ ಕೊಡುತ್ತಾರೋ.) ಬಳ್ಳಾರಿಯಲ್ಲಿ ನಿವೃತ್ತರಾದ ಗಂಡಸರು ಮಾಡುವುದೇನು? ಒಂದೋ ಗುಡಿಯ ಕಮಿಟಿ ಸೇರುತ್ತಾರೆ, ಇಲ್ಲವೋ ಅಡುಗೆಮನೆಗೆ ಬಂದು ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತೆನ್ನುತ್ತಾರೆ. ನಮ್ಮವರು ಎರಡೂ ಮಾಡಲಿಲ್ಲ. ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುವಾಗ ಹಳೆಯದೊಂದು ಇಂಗ್ಲಿಷ್ ವಾರಪತ್ರಿಕೆ ತಿರುವಿದರು. ಅದರಲ್ಲಿ ಬಿಳಿಯನೊಬ್ಬ ಹಗ್ಗ ಕಟ್ಟಿಕೊಂಡು ದೊಡ್ಡ ಗಿಡದ ಮೇಲೆ ನಿಂತ ಫೋಟೋ ಇತ್ತಂತೆ. ಕೆಳಗೆ "ಟ್ರೀ ಸರ್ಜನ್" ಎಂದು ಬರೆದಿತ್ತಂತೆ, ಅಂದರೆ ಕಾಯಿಲೆ ಬಿದ್ದ ಗಿಡಕ್ಕೆ ಆಪರೇಷನ್ ಮಾಡಿ ಉಳಿಸುವವನು.

ಸರ್ಜನ್! ಅರ್ಧ ಕ್ಷೌರದಲ್ಲೇ ಎದ್ದು ಬಂದರೋ ಏನೋ.

"ಸರ್ವಿಸಿನಾಗ ರಸ್ತಿ ಅಗಲ ಮಾಡಾಕ ಸಾಲು ಸಾಲು ಹುಣಸಿ ಗಿಡ ಕಡಿಸಿದ್ರಿ. ಈಗ ಪ್ರಾಯಶ್ಚಿತ್ತ ಏನು?" ಎಂದು ಕೇಳಿದೆ.

"ಪ್ರಾಯಶ್ಚಿತ್ತ ಅಲ್ಲ. ಎಕ್ಸ್‌ಪೀರಿಯನ್ಸ್," ಎಂದರು.

ಗೇಟಿಗೆ ಬೋರ್ಡು ಬಂತು: "ವೃಕ್ಷ ಶಸ್ತ್ರಚಿಕಿತ್ಸಕರು." ಜನವೂ ಬಂದರು, ಸುಳ್ಳು ಹೇಳಬಾರದು. ಆದರೆ ಬಂದವರು ಯಾರು? ಈಗ ಗಿಡ ಕಡಿಯಲು ಸರ್ಕಾರದ ಪರವಾನಗಿ ಬೇಕೆಂಬ ಕಾನೂನು ಬಂದಿದೆಯಲ್ಲ. ಗಿಡಕ್ಕೆ ರೋಗ ಬಂದಿದೆ, ಬೀಳುವ ಹಾಗಿದೆ ಎಂದು ತಿಳಿದವರು ಬರೆದುಕೊಟ್ಟರೆ ಪರವಾನಗಿ ಸಲೀಸು ಎಂದು ಜನ ಲೆಕ್ಕ ಹಾಕಿದ್ದರು. ತೆಕ್ಕಲಕೋಟೆಯಿಂದ ಬಂದ ಬಟ್ಟೆ ವ್ಯಾಪಾರಿಯ ಜೊತೆ ನಡೆದ ಮಾತು ಇದು:

"ಸಾಹೇಬ್ರ, ನಮ್ಮ ಗಿಡಕ್ಕ ಆರಾಮಿಲ್ರಿ."

"ಏನ್ ತ್ರಾಸು?"

"ಅಂಗಡಿ ಬೋರ್ಡ್ ಕಾಣವಲ್ದು."

ಬಂದ ಎಲ್ಲರ ಗಿಡಕ್ಕೂ ಇಂಥದ್ದೇ ಕಾಯಿಲೆ. ಒಂದರ ನೆರಳು ಪಕ್ಕದ ಮನೆಯವರಿಗೆ ಬೀಳುತ್ತಿತ್ತು. ಇನ್ನೊಂದರ ಕೊಂಬೆ ದಾಯಾದಿಯ ಕಡೆಗೆ ಚಾಚಿತ್ತು. ಡಾಕ್ಟರಿಗೆ ರೋಗಿಗಳಿಲ್ಲ, ಸಾವಿನ ಸರ್ಟಿಫಿಕೇಟು ಕೇಳುವ ವಾರಸುದಾರರು ಮಾತ್ರ. ನಮ್ಮವರು ಒಬ್ಬರಿಗೂ ಬರೆದುಕೊಡಲಿಲ್ಲ. ಅದನ್ನು ಪ್ರಾಮಾಣಿಕತೆ ಎನ್ನಲೇ? ಆಪರೇಷನ್ ಮಾಡಬೇಕೆಂದು ಹಾತೊರೆಯುವ ಸರ್ಜನ್, ರೋಗಿ ಸತ್ತಿದ್ದಾನೆಂದು ಯಾಕೆ ಬರೆದುಕೊಡುತ್ತಾನೆ?

ಅಷ್ಟರಲ್ಲಿ ಸಿರುಗುಪ್ಪದಿಂದ ಕರೆ ಬಂತು.

ಕರೆದವರು ಅಕ್ಕಿ ಮಿಲ್ಲಿನ ಮಾಲೀಕರು. ವೀರಭದ್ರಪ್ಪ ಎಂದಿಟ್ಟುಕೊಳ್ಳಿ, ಬೇರೆ ಹೆಸರಾದರೂ ಮನುಷ್ಯ ಅವರೇ. ಭಾನುವಾರವಾದ್ದರಿಂದ ನಾನೂ ಬಸ್ಸಿನಲ್ಲಿ ಜೊತೆಗೆ ಹೋದೆ. ಮಿಲ್ಲಿನ ಗೇಟಿನ ಪಕ್ಕಕ್ಕೆ ಭಾರಿ ಬೇವಿನ ಗಿಡ. ಬುಡದಲ್ಲಿ ಕೈ ತೂರಿಸುವಷ್ಟು ದೊಡ್ಡ ಪೊಟರೆ. ಗಿಡದ ಕೆಳಗೆ ಮೌಲಾಸಾಬನ ಸೈಕಲ್ ರಿಪೇರಿ.

"ನೋಡ್ರಿ ಸಾಹೇಬ್ರ, ಲಾರಿ ತಿರುಗಾಕ ಜಾಗ ಇಲ್ಲ," ಎಂದರು ಮಾಲೀಕರು. "ಒಳಗ ಟೊಳ್ಳು ಬಿದ್ದೈತಿ, ಯಾವಾಗರ ಜನದ ಮ್ಯಾಲ ಬೀಳ್ತೈತಿ ಅಂತ ಒಂದ್ ಸಾಲು ಬರ್ದು ಕೊಡ್ರಿ. ಮುಂದಿಂದು ನಾ ನೋಡ್ಕೊಂತೀನಿ."

ಮೌಲಾಸಾಬ ಚಕ್ರ ತಿರುಗಿಸುತ್ತಿದ್ದವನು ನಿಲ್ಲಿಸಿದ. ಅವನಿಗೆ ಗೋಡೆಯಿಲ್ಲ, ಬಾಗಿಲಿಲ್ಲ. ಆ ಗಿಡವೇ ಅಂಗಡಿ. ಟೈರು ತೂಗುಹಾಕಲು ಅದರ ಕೊಂಬೆ, ಪಂಪು ಒರಗಿಸಲು ಅದರ ಬೇರು. ಅವನ ಅಪ್ಪನೂ ಅಲ್ಲೇ ಕೂತಿದ್ದನಂತೆ. ಸಿರುಗುಪ್ಪದ ಬಿಸಿಲಿನಲ್ಲಿ ಗಾಳಿ ತುಂಬಿದ ಟ್ಯೂಬು ಬಯಲಿಗಿಟ್ಟರೆ ಪಟಾರನೆ ಒಡೆಯುತ್ತದೆ. ನೆರಳಿಲ್ಲದೆ ಅವನಿಗೆ ಕಸುಬಿಲ್ಲ.

ನಮ್ಮವರು ಗಿಡವನ್ನು ಬಡಿದರು, ಕಿವಿಗೊಟ್ಟು ಕೇಳಿದರು, ಪೊಟರೆಯೊಳಗೆ ಇಣುಕಿದರು. ಅವರ ಮುಖ ಅರಳಿತು. ನನಗೆ ಆಗಲೇ ಗೊತ್ತಾಯಿತು. ಅವರು ಗಿಡ ನೋಡುತ್ತಿಲ್ಲ, ತೂತು ನೋಡುತ್ತಿದ್ದಾರೆ. ಜೀವಮಾನವಿಡೀ ತೂತು ಕಂಡಲ್ಲಿ ಸಿಮೆಂಟು ತುಂಬಿಸಿದ ಮನುಷ್ಯ.

"ಇದು ಬದುಕ್ತೈತಿ," ಎಂದರು.

"ಬದುಕೋದು ಯಾರಿಗೆ ಬೇಕಾಗೇತ್ರಿ?" ಎಂದರು ಮಾಲೀಕರು. ಆದರೂ ಬದುಕುತ್ತದೆಂದು ನಿವೃತ್ತ ಸರ್ಕಾರಿ ನೌಕರನೇ ಹೇಳಿದ ಮೇಲೆ ಆ ಗಿಡ ಕಡಿಸುವ ಧೈರ್ಯ ಅವರಿಗಿರಲಿಲ್ಲ. ದೂರು ಕೊಟ್ಟರೆ?

ಮೌಲಾಸಾಬ ಎದ್ದು ನಿಂತು ಕೈ ಒರೆಸಿಕೊಂಡ. "ಗಿಡ ಪಂಚರ್ ಆದ್ರ ನೀವು, ಸೈಕಲ್ ಪಂಚರ್ ಆದ್ರ ನಾನು. ಇಬ್ರೂ ಒಂದ ಜಾತಿ ಆತ್ರಿ ಸಾಹೇಬ್ರ."

ಮುಂದಿನ ವಾರ ಆಪರೇಷನ್. ನಮ್ಮ ಬಚ್ಚಲುಮನೆಯ ನೆಲ ಒಡೆದಿದೆಯೆಂದು ಪರ್ಮಿಟ್ ಮಾಡಿಸಿ ತಂದಿಟ್ಟಿದ್ದ ಸಿಮೆಂಟು ಬಸ್ಸಿನ ಟಾಪ್ ಏರಿ ಸಿರುಗುಪ್ಪಕ್ಕೆ ಹೋಯಿತು. (ನೆಲ ಈಗಲೂ ಒಡೆದೇ ಇದೆ. ನನ್ನ ಹಿಮ್ಮಡಿ ಸಾಕ್ಷಿ.) ನಮ್ಮವರು ಕೊಳೆತದ್ದನ್ನು ಉಳಿಯಿಂದ ಕೆತ್ತಿದರು, ಡಾಂಬರು ಬಳಿದರು, ಇಟ್ಟಿಗೆ ಚೂರು ತುಂಬಿದರು, ಮೇಲೆ ಸಿಮೆಂಟು ಮೆತ್ತಿ ಗಿಲಾವು ಮಾಡಿದರು. ಹಸಿಯಿರುವಾಗಲೇ ಕರಣೆಯ ತುದಿಯಿಂದ ತಮ್ಮ ಹೆಸರು, ಇಸವಿ ಕೆತ್ತಿದರು, ಥೇಟು ಮೋರಿಯ ಮೇಲೆ ಬರೆಯುವ ಹಾಗೆ. ಅಷ್ಟಕ್ಕೇ ಕೈ ನಿಲ್ಲಬೇಕಲ್ಲ? ರಸ್ತೆ ಬದಿಯ ಗಿಡಗಳಿಗೆ ಇಲಾಖೆಯವರು ಬಳಿಯುವಂತೆ ಬುಡಕ್ಕೆ ಸುಣ್ಣದ ಪಟ್ಟಿ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ ಬಳಿದರು.

ಸಿಮೆಂಟು ಬಿರಿಯದಿರಬೇಕಾದರೆ ನೀರು ಕುಡಿಸಬೇಕು. ಸೇತುವೆಗೆ ಮಾಡುವಂತೆಯೇ ಗಿಲಾವಿಗೆ ಗೋಣಿ ಸುತ್ತಿ, ಮುಂಜಾನೆ ಸಂಜೆ ತೋಯಿಸಬೇಕೆಂದು ಅಪ್ಪಣೆಯಾಯಿತು.

"ನಾ ಹಾಕ್ತೀನಿ ಬಿಡ್ರಿ," ಎಂದ ಮೌಲಾಸಾಬ. "ನನ್ನ ಅಂಗಡಿ ರಿಪೇರಿ ಮಾಡಾಕತ್ತೀರಿ. ಅಷ್ಟೂ ಮಾಡಬಾರ್ದೇನು?"

ಅವನು ಮಾಡಿದ್ದನ್ನು ನಾವು ನೋಡಲಿಲ್ಲ, ಆಮೇಲೆ ಕೇಳಿ ತಿಳಿದದ್ದು. ಗಿರೀಸು ತಾಗಿದರೆ ಡಾಕ್ಟರ ಕೆಲಸ ಕೆಡುತ್ತದೆಂದು ಅವನು ದಿನಾ ಹೊತ್ತು ಮೂಡುವ ಮೊದಲೇ ಬಂದು, ಕೈಕಾಲು ತೊಳೆದುಕೊಂಡು, ಕೊಡದಲ್ಲಿ ನೀರು ತಂದು, ಗೋಣಿಯ ಮೇಲೆ ನಿಧಾನವಾಗಿ ಸುರಿಯುತ್ತಿದ್ದನಂತೆ. ಸಂಜೆ ಅಂಗಡಿ ಮುಚ್ಚುವ ಮೊದಲು ಮತ್ತೊಮ್ಮೆ. ಎದುರಿಗೆ ಬೀದಿ ನಲ್ಲಿ. ಅಲ್ಲಿ ಸರದಿ ನಿಂತ ಹೆಂಗಸರು ದಿನಾ ನೋಡಿದರು. ಬೇವಿನ ಗಿಡ, ಕೆಂಪು ಬಿಳಿ ಪಟ್ಟಿ, ಮೈಗೆ ಒದ್ದೆ ವಸ್ತ್ರ, ಎರಡು ಹೊತ್ತು ಅಭಿಷೇಕ. ಇನ್ನೇನೆಂದು ತಿಳಿಯಬೇಕು ಅವರು?

ನಾವು ಮತ್ತೆ ಹೋಗುವ ಹೊತ್ತಿಗೆ ಗಿಡ ಅಮ್ಮನಾಗಿತ್ತು. ಅರಿಶಿನ, ಕುಂಕುಮ, ಹಸಿರು ಬಳೆ. ಯಾರದೋ ಬತ್ತಿದ ಎಮ್ಮೆ ಹಾಲು ಕೊಟ್ಟಿತ್ತಂತೆ. ಹೆಂಗಸರು ಮೌಲಾಸಾಬನನ್ನೇ ಕರೆಯುತ್ತಿದ್ದರು: "ಮೌಲಣ್ಣ, ಒಂದ್ ಕೊಡ ಹಾಕು. ಆಕಿಗೆ ನಿನ್ನ ಕೈನ ರೂಢಿ ಆಗೇತಿ." ಅವನು ಸ್ಪೋಕು ಬಿಟ್ಟು ಎದ್ದು ನೀರು ಸುರಿಯುತ್ತಿದ್ದ. ಅವರಿಗೂ ಏನೂ ಅನ್ನಿಸಲಿಲ್ಲ, ಅವನಿಗೂ ಏನೂ ಅನ್ನಿಸಲಿಲ್ಲ.

ನಮ್ಮವರಿಗೆ ಮಾತ್ರ ಸಿಟ್ಟು ಬಂತು. "ನನ್ನ ಹೆಸರಿನ ಮ್ಯಾಲ ಅರಿಶಿನ ಬಡದಾರ," ಎಂದರು.

ಗಿಡ ಬದುಕಿದ್ದು ಸಿಮೆಂಟಿನಿಂದಲ್ಲ, ಇದರಿಂದಲೇ ಎಂದು ನನಗನ್ನಿಸಿತ್ತು. ಇನ್ನು ಯಾವ ಮಾಲೀಕ ಅದಕ್ಕೆ ಕೊಡಲಿ ಹಾಕಿಸುತ್ತಾನೆ? ಮೌಲಾಸಾಬನ ಅಂಗಡಿ ಉಳಿಯಿತೆಂದು ಬಸ್ಸಿನಲ್ಲಿ ನಾನೇ ನಮ್ಮವರ ಬೆನ್ನು ತಟ್ಟಿದೆ.

ವೀರಭದ್ರಪ್ಪನವರು ನನಗಿಂತ ಬುದ್ಧಿವಂತರು. ಸಿಟ್ಟು ಮಾಡಿಕೊಳ್ಳಲಿಲ್ಲ. ಶಾಲು ಹೊದ್ದು ಬಂದು ಅಡ್ಡಬಿದ್ದರು. ನಮ್ಮವರಿಗೆ ಹೇಳಿ ಕಳಿಸಿದರು: "ಅಮ್ಮಗ ಒಂದ್ ಕಟ್ಟಿ ಕಟ್ಟಸ್ತೀನಿ. ಪ್ಲಾನು ನೀವ ಹಾಕ್ಬೇಕು."

ಪ್ಲಾನು! ಪೆನ್ಷನ್ ಓವರ್‌ಸಿಯರಿಗೆ ಇದಕ್ಕಿಂತ ಸಿಹಿ ಮಾತುಂಟೆ? ಟೇಪು ಹಿಡಿದು ಹೊರಟರು. ಗಿಡದ ಸುತ್ತ ಅಳತೆ ಮಾಡುವಾಗ ಟೇಪಿನ ಇನ್ನೊಂದು ತುದಿ ಹಿಡಿದವನು ಮೌಲಾಸಾಬ. ಕಟ್ಟೆಯಾದರೆ ಗಿರಾಕಿಗಳಿಗೆ ಕೂಡಲು ಜಾಗವಾಯಿತೆಂದು ಖುಷಿಯಲ್ಲಿದ್ದ. "ಸ್ವಲ್ಪ ಅಗಲ ಇರ್ಲಿ ಸಾಹೇಬ್ರ," ಎಂದೂ ಹೇಳಿದನಂತೆ. ಇದನ್ನು ನನಗೆ ಹೇಳಿದವರು ನಮ್ಮವರೇ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕಟ್ಟೆ ಎದ್ದ ದಿನ ನಾನೂ ಇದ್ದೆ. ಮಾಲೀಕರು ಮೌಲಾಸಾಬನ ಹೆಗಲ ಮೇಲೆ ಕೈಯಿಟ್ಟರು.

"ನೀ ನನ್ನ ತಮ್ಮ ಇದ್ದಂಗ, ಮೌಲಾ. ನನಗೇನೂ ಇಲ್ಲ. ಆದ್ರ ಗಿರೀಸು, ಹಳೇ ಟೈರು, ದೇವ್ರ ಮುಂದ ಹೆಂಗ? ಜನ ಏನರ ಅಂದ್ರ ನಿನಗ ಬ್ಯಾಸರ."

"ಯಾರಂದ್ರು ಧಣಿ?"

"ಇನ್ನೂ ಅಂದಿಲ್ಲ. ಅನ್ನೂಕಿಂತ ಮೊದ್ಲ ನಾವ ತಿಳ್ಕೋಬೇಕಲ್ಲ."

ಮೌಲಾಸಾಬ ಪಂಪು ಎತ್ತಿಕೊಂಡ. "ಆತ್ರಿ ಧಣಿ," ಎಂದ. ನಗುತ್ತ ಹೇಳಿದನೆಂದು ನನ್ನ ಡೈರಿಯಲ್ಲಿದೆ. ನನ್ನ ನೆನಪಿನಲ್ಲಿ ಅವನು ನಗಲಿಲ್ಲ. ಯಾವುದು ನಿಜ? ಅಂದು ರಾತ್ರಿ ನನಗೆ ನಿದ್ದೆ ಬರಲೆಂದು ನಾನೇ ಅವನನ್ನು ನಗಿಸಿರಬಹುದು.

ನಮ್ಮವರನ್ನು ನಾನು ಸುಮ್ಮನೆ ಬಿಡಲಿಲ್ಲ. "ನಿಮ್ಮ ಪ್ಲಾನಿನಾಗ ಅವನ ಜಾಗ ಎಲ್ಲೈತಿ, ತೋರಸ್ರಿ," ಎಂದೆ. ಅವರು ಮಾಲೀಕರ ಹತ್ತಿರ ಹೋಗಿ, ಕಟ್ಟೆಯ ಹಿಂದಿನ ಮೂಲೆ ಬಿಟ್ಟುಕೊಡಿ ಎಂದು ಕೇಳಿದರು. ಬೇಡಿಕೊಂಡರು ಎಂದೇ ಹೇಳಬೇಕು. "ದೇವ್ರ ವಿಷಯ ನನ್ನ ಕೈಯಾಗ ಐತೇನ್ರಿ?" ಎಂದು ಮಾಲೀಕರು ಆಕಾಶ ತೋರಿಸಿದರು. ಅಷ್ಟರಲ್ಲಿ ಭತ್ತದ ಲಾರಿಯೊಂದು ಬಂತು. ನಿನ್ನೆಯವರೆಗೆ ಸೈಕಲ್ಲುಗಳು ನಿಲ್ಲುತ್ತಿದ್ದ ಜಾಗದಲ್ಲಿ ಸಲೀಸಾಗಿ ತಿರುಗಿ ಒಳಗೆ ಹೋಯಿತು. ಲಾರಿಗೆ ಅಡ್ಡವಾಗಿದ್ದದ್ದು ಗಿಡವಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದವರು ಮಾಲೀಕರೇ.

ಮೌಲಾಸಾಬ ಈಗ ರಸ್ತೆಯಾಚೆ ನಲ್ಲಿಯ ಪಕ್ಕ, ನಾಲ್ಕು ಗೂಟಕ್ಕೆ ಗೋಣಿ ಕಟ್ಟಿಕೊಂಡು ಕೂತಿದ್ದಾನೆ. ಮಧ್ಯಾಹ್ನ ಅಂಗಡಿ ಮುಚ್ಚುತ್ತಾನೆ, ಟ್ಯೂಬು ಒಡೆಯುತ್ತವೆಂದು. ಅಂದು ನಾವು ಹೊರಡುವಾಗ ನಮ್ಮವರನ್ನು ಕೂಗಿ ಕೇಳಿದ: "ಸಾಹೇಬ್ರ, ಇನ್ನೂ ಎಷ್ಟು ದಿನ ನೀರು ಹಾಕ್ಬೇಕ್ರಿ?"

"ಸಾಕು, ಮೌಲಾ," ಎಂದರು ನಮ್ಮವರು. "ಗಟ್ಟಿ ಆಗೇತಿ."

ಮನೆ ತಲುಪಿದ ಮೇಲೆ ಅವರು ಒಂದೇ ಮಾತು ಹೇಳಿದರು: "ಗಿಡಾನರ ಉಳೀತಲ್ಲ." ಉಳಿದದ್ದು ಸುಳ್ಳಲ್ಲವಲ್ಲ.

ವೃತ್ತಿ ಕೆಟ್ಟಿತೆಂದುಕೊಂಡಿರಾ? ಈಗಲೇ ಶುರು. ಮೊನ್ನೆ ಕುರುಗೋಡಿನ ವರ್ತಕರೊಬ್ಬರು ಕಾರು ಮಾಡಿಕೊಂಡು ಬಂದರು. ಸರ್ಟಿಫಿಕೇಟಿನ ಸುದ್ದಿಯನ್ನೇ ಎತ್ತಲಿಲ್ಲ.

"ಗಿಡ ಕಡಿಯೂದು ಬ್ಯಾಡ್ರಿ ಸಾಹೇಬ್ರ, ಪಾಪ. ಕೆಳಗ ಚಹಾ ಮಾರೂ ಮುದುಕಿ ಒಬ್ಬಾಕಿ ಕುಂತಾಳ, ಏಳವಲ್ಲಳು. ಸಿರುಗುಪ್ಪದಾಗ ಮಾಡಿದ್ರಲ್ಲ, ಹಂಗ ಸ್ವಲ್ಪ ಸಿಮೆಂಟ್ ಹಾಕಿ, ಕೆಂಪು ಬಿಳಿ ಹಚ್ಚಿ ಕೊಟ್ಬಿಡ್ರಿ."

ನಮ್ಮವರು ಕೇಳಿದರು: "ಗಿಡದಾಗ ಟೊಳ್ಳು ಐತೇನು?"

"ಇಲ್ರಿ, ಕಲ್ಲಿನಂಗ ಐತಿ."

"ಟೊಳ್ಳಿಲ್ಲದ ಗಿಡಕ್ಕ ನಾ ಸಿಮೆಂಟ್ ಎಲ್ಲಿ ತುಂಬ್ಲಿ?"

ವರ್ತಕರು ಸಮಾಧಾನದ ದನಿಯಲ್ಲಿ ಹೇಳಿದರು: "ಅದ್ಕ್ಯಾಕ ಚಿಂತಿ ಮಾಡ್ತೀರಿ ಸಾಹೇಬ್ರ? ಟೊಳ್ಳು ನಾವು ಮಾಡಿ ಕೊಡ್ತೀವಿ."