ಹಗೇವಿನಲ್ಲಿ ಮಂಗಳ ಗ್ರಹ

ಮಗಳಿಗೆ ಮಂಗಳ ಗ್ರಹದ ಹುಚ್ಚು ಹಿಡಿದಾಗ ಅವಳು ಇಂಡಿ ಪಟ್ಟಣದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಳು. ಊಟಕ್ಕೆ ಕೂತರೆ ಅದೇ ಮಾತು. ಅಲ್ಲಿ ಉಸಿರಾಡುವಂಥ ಗಾಳಿಯಿಲ್ಲವಂತೆ, ಬಯಲಲ್ಲಿ ವಿಕಿರಣದ ಕಾಟವಂತೆ, ಹೋದವರು ನೆಲದ ಕೆಳಗೇ ಮನೆ ಮಾಡಿಕೊಳ್ಳಬೇಕಂತೆ. "ಹಂಗಾರ ಅಲ್ಲಿ ಹೋಗಿ ಹೆಗ್ಗಣ ಆಗ್ತಿಯೇನು?" ಎಂದು ನಾನು ರೇಗಿದರೆ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಹೋಗುತ್ತೇನೆ ಅನ್ನುವವಳು ನಿಜವಾಗಿಯೂ ಹೋಗಿಬಿಟ್ಟಾಳು ಎಂಬ ಹೆದರಿಕೆ ನನ್ನದು.

ನಮ್ಮೂರು ತಾಂಬಾದ ಮನೆಯ ಹಿತ್ತಲಲ್ಲಿ ಹಳೆಯ ಹಗೇವು ಇದೆ. ಜೋಳ ತುಂಬಿಡಲು ನೆಲದಲ್ಲಿ ತೋಡಿದ್ದು. ಬಾಯಿ ಒಬ್ಬರು ಇಳಿಯುವಷ್ಟೇ ಅಗಲ, ಒಳಗೆ ಒಂದು ಕೋಣೆಯಷ್ಟು ಜಾಗ. ವರ್ಷಗಟ್ಟಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿತ್ತು. ಒಂದು ಹಗಲು ಅದರಲ್ಲಿ ಒಬ್ಬಳೇ ಕೂತು, ನೆಲದಡಿಯ ಬಾಳು ಹೇಗಿರುತ್ತದೆಂದು ವಿಡಿಯೊ ಮಾಡುತ್ತೇನೆ ಎಂದು ಮಗಳು ಹಟ ಹಿಡಿದಳು. ಅವಳ ಅಪ್ಪನೋ, ಮಗಳು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರು. ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸಿದರು. ಕಂಕುಳಿಗೆ ಹಗ್ಗ ಕಟ್ಟಿಕೊಂಡರೆ ಮಾತ್ರ ಇಳಿ ಎಂಬ ಒಂದು ಮಾತಿನಿಂದ ನಾನು ಕದಲಲಿಲ್ಲ.

ಭಾನುವಾರ ಬೆಳಿಗ್ಗೆ ಚಪ್ಪಡಿ ಸರಿಸಿದೆವು. ಹುಳಿ ಹುಳಿ ಮುಗ್ಗಲು ವಾಸನೆ ಎದ್ದಿತು. ನಮ್ಮ ಅತ್ತೆ ಇದ್ದಾಗ ಹಗೇವು ತೆಗೆದರೆ ಮೊದಲು ಉರಿಯುವ ಕಂದೀಲು ಇಳಿಬಿಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿರಲಿಲ್ಲ. ಈಗ ಕಂದೀಲು ಎಲ್ಲಿಂದ ತರುವುದು? ಮಗಳು ಮೊಬೈಲಿನ ಟಾರ್ಚ್ ಹಚ್ಚಿ, ದಾರ ಕಟ್ಟಿ ಇಳಿಬಿಟ್ಟಳು. "ದೀಪಾ ಆರಿಲ್ಲ ನೋಡವ್ವಾ," ಎಂದಳು. ಮೂವರೂ ಬಗ್ಗಿ ನೋಡಿ ಹೌದು ಹೌದೆಂದೆವು. ಬ್ಯಾಟರಿಯ ಬೆಳಕಿಗೆ ಗಾಳಿ ಬೇಕಿಲ್ಲವೆಂದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಹಗ್ಗ ಕಟ್ಟಿಕೊಂಡು ಏಣಿ ಇಳಿಯುತ್ತ ಮಾತಾಡುತ್ತಲೇ ಇದ್ದಳು. ತಳ ಮುಟ್ಟಿ, "ಇಲ್ಲೆ ತಂಪ ಐತವ್ವಾ," ಎಂದಳು. ಆಮೇಲೆ, "ತಲಿ ಯಾಕೋ..." ಎಂದಳು. ಅಷ್ಟೇ. ಕೂಗಿದೆ, ಉತ್ತರವಿಲ್ಲ. ಬಗ್ಗಿ ನೋಡಿದರೆ ಏಣಿಯ ಬುಡದಲ್ಲಿ ಮುದುಡಿ ಬಿದ್ದಿದ್ದಳು.

ಇವರು ಆಗಲೇ ಏಣಿಗೆ ಕಾಲಿಟ್ಟಿದ್ದರು. ನನ್ನ ತವರೂರಿನ ನೆರೆಮನೆಯಲ್ಲಿ ಹೀಗೇ ಹಗೇವಿನಲ್ಲಿ ಬಿದ್ದ ತಮ್ಮನನ್ನು ಎತ್ತಲು ಇಳಿದ ಅಣ್ಣನೂ ಜೀವಂತ ಮೇಲೆ ಬರಲಿಲ್ಲ. ಆ ಎರಡು ಹೆಣಗಳನ್ನು ಕಣ್ಣಾರೆ ಕಂಡವಳು ನಾನು. ಇವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದು ಕೆಡವಿದೆ.

"ಬಿಡ ನನ್ನ! ಮಗಳು ಸಾಯಾಕತ್ತಾಳ!"

"ಇಳೀಬ್ಯಾಡ್ರಿ! ಹಗ್ಗಾ ಜಗ್ರಿ!"

ಎದ್ದು ಮತ್ತೆ ನುಗ್ಗಿದರು. ಅಡ್ಡ ನಿಂತು ಕೆನ್ನೆಗೆ ಬಾರಿಸಿದೆ. ಮದುವೆಯಾದಾಗಿನಿಂದ ಅದೇ ಮೊದಲು. ಅವರು ಹಗ್ಗ ಹಿಡಿದರು.

ಹಗ್ಗ ಏಣಿಗೆ ಸಿಕ್ಕಿಕೊಂಡಿತು. ಏಣಿ ಅಲುಗಾಡಿಸಿ ಬಿಡಿಸಿದೆ. ಇಬ್ಬರೂ ಜಗ್ಗಿದೆವು, ಅಂಗೈ ಸುಲಿದು ಹೋಯಿತು. ಅವಳ ತಲೆ ಮೇಲೆ ಬಂದಾಗ ತುಟಿ ನೀಲಿಗಟ್ಟಿತ್ತು. ನೆಲಕ್ಕೆ ಮಲಗಿಸಿದರೆ ಎದೆ ಏಳುತ್ತಿಲ್ಲ. ಬಾಯಿಗೆ ಬಾಯಿ ಹಚ್ಚಿ ಊದಿದೆ, ಚೀರಿದೆ, ಮತ್ತೆ ಊದಿದೆ. ಕೊನೆಗೊಮ್ಮೆ ಕೆಮ್ಮಿದಳು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

ಇಂಡಿಯ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿದರು. ಸಂಜೆ ಹೊತ್ತಿಗೆ ಎದ್ದು ಕೂತು ಚಹಾ ಕೇಳಿದಳು. ಇವರು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಅದು ಮಗಳಿಗೂ ತಿಳಿಯಿತು.

"ಅಪ್ಪಾ, ಅವ್ವ ಮಾಡಿದ್ದ ಖರೇ ಐತಿ. ಮಂಗಳದಾಗ ಒಂದ ಖೋಲ್ಯಾಗಿನ ಗಾಳಿ ಸೋರಿದ್ರ ಬಾಗಲಾ ಹಾಕಿಬಿಡಬೇಕು, ಒಳಗ ಯಾರ ಇದ್ರೂ. ಇಲ್ಲಾಂದ್ರ ಎಲ್ಲಾರೂ ಸಾಯ್ತಾರ. ನನಗಿಂತಾ ಅವ್ವನ ಅಲ್ಲಿಗೆ ತಕ್ಕಾಕಿ."

ಹೊಗಳಿಕೆಯೆಂದೇ ಹೇಳಿದಳು. ಬೈದಿದ್ದರೂ ತಾಳಿಕೊಳ್ಳುತ್ತಿದ್ದೆ.

"ಹಗ್ಗಾ ಹರದಿದ್ರ?" ಎಂದು ಇವರು ಕೇಳಿದರು.

"ಆಗೂ ನಿಮ್ಮನ್ನ ಇಳಿಯಾಕ ಬಿಡ್ತಿದ್ದಿಲ್ಲ. ಇಬ್ಬರ್ನೂ ಕಳ್ಕೊಳ್ಳಾಕ ನಾ ತಯಾರಿದ್ದಿಲ್ಲ."

"ಅಂದ್ರ ಒಬ್ಬಾಕಿನ್ನ ಕಳ್ಕೊಳ್ಳಾಕ ತಯಾರಿದ್ದಿ," ಎಂದರು.

ಮಗಳು ಚಹಾ ಕುಡಿಯುವುದನ್ನು ಬಿಟ್ಟು ನನ್ನ ಕಡೆ ನೋಡಿದಳು. ಇಲ್ಲ ಅನ್ನಲು ನನಗೆ ಆಗಲಿಲ್ಲ.